ಬಂದು ಹೋಗುವ ವೈಫೈ: ದೋಷವನ್ನು ಹುಡುಕುವ ಬಗೆ



ಪೂರ್ತಿಯಾಗಿ ಕೆಟ್ಟು ನಿಂತ ಯಂತ್ರವನ್ನು ಸರಿಪಡಿಸುವುದು ಅಷ್ಟೇನೂ ಕಷ್ಟದ ಕೆಲಸವಲ್ಲ. ದೀಪ ಉರಿಯದಿದ್ದರೆ ಬಲ್ಬು ಸುಟ್ಟಿರಬೇಕು, ಇಲ್ಲವೇ ಫ್ಯೂಸ್ ಹೋಗಿರಬೇಕು, ಇಲ್ಲವೇ ಕರೆಂಟೇ ಇಲ್ಲದಿರಬೇಕು. ಒಂದೊಂದಾಗಿ ನೋಡುತ್ತ ಹೋದರೆ ಕಾರಣ ಸಿಕ್ಕೇ ಸಿಗುತ್ತದೆ. ಆದರೆ ಒಮ್ಮೆ ಉರಿದು ಒಮ್ಮೆ ಆರುವ ದೀಪದ ವಿಷಯ ಹಾಗಲ್ಲ. ನಾವು ಪರೀಕ್ಷಿಸಲು ಹೋದಾಗ ಅದು ಚೆನ್ನಾಗಿಯೇ ಇರುತ್ತದೆ. ಬೆನ್ನು ತಿರುಗಿಸಿದೊಡನೆ ಆರುತ್ತದೆ. ವೈಫೈಯಲ್ಲಿ ಕಾಣುವ ದೋಷಗಳು ಬಹುಮಟ್ಟಿಗೆ ಈ ಎರಡನೆಯ ಜಾತಿಯವು. ಅದರಲ್ಲೂ ಕಾಲೇಜು, ಆಸ್ಪತ್ರೆ, ದೊಡ್ಡ ಕಚೇರಿ, ಸಭಾಭವನ ಮುಂತಾಗಿ ಹೆಚ್ಚು ಜನ ಒಟ್ಟಿಗೆ ಸೇರುವ ಕಡೆಗಳಲ್ಲಿ ಇದರ ಕಾಟ ಹೆಚ್ಚು.

ಇಂಥ ದೋಷಕ್ಕೆ ಕಾರಣವೇ ಇಲ್ಲವೆಂದು ಅನೇಕರು ತಿಳಿಯುತ್ತಾರೆ. ಇದು ಸರಿಯಲ್ಲ. ಬಂದು ಹೋಗುವ ದೋಷಕ್ಕೂ ಕಾರಣ ಇದ್ದೇ ಇರುತ್ತದೆ. ಅದನ್ನು ಹುಡುಕಲು ಬೇಕಾದದ್ದು ಬೆಲೆಬಾಳುವ ಉಪಕರಣವಲ್ಲ. ಒಂದು ನೋಟ್‌ಬುಕ್, ಒಂದು ಪೆನ್ಸಿಲ್ ಮತ್ತು ತಾಳ್ಮೆ. ಪುಲ್ಪಳ್ಳಿಯ ಸಮೀಪ ನಾನು ಕಣ್ಣಾರೆ ಕಂಡ ಒಂದು ಸಂಗತಿಯ ಮೂಲಕ ಈ ಮಾತನ್ನು ವಿವರಿಸಲು ಯತ್ನಿಸುತ್ತೇನೆ.

ನಡೆದ ಸಂಗತಿ

ಕಳೆದ ವರ್ಷ ಮೇ ತಿಂಗಳಲ್ಲಿ ಹತ್ತನೆಯ ತರಗತಿಯ ಫಲಿತಾಂಶ ಬಂದ ಮೇಲೆ, ಪ್ಲಸ್ ವನ್ ಪ್ರವೇಶಕ್ಕೆ ಅರ್ಜಿ ಹಾಕುವ ಮಕ್ಕಳಿಗೆ ನೆರವಾಗಲೆಂದು ಒಂದು ಸಭಾಭವನದಲ್ಲಿ ನಾಲ್ಕು ದಿನಗಳ ಶಿಬಿರ ಏರ್ಪಾಡಾಗಿತ್ತು. ಕೇರಳದಲ್ಲಿ ಈ ಅರ್ಜಿಯನ್ನು ಏಕಗವಾಕ್ಷಿ ಪದ್ಧತಿಯಲ್ಲಿ ಇಂಟರ್‌ನೆಟ್ಟಿನ ಮೂಲಕವೇ ಸಲ್ಲಿಸಬೇಕು. ಕಾಫಿ ತೋಟಗಳ ನಡುವಿನ ತಗ್ಗುಗಳಲ್ಲಿಯೂ ಕಾಡಂಚಿನ ಹಾಡಿಗಳಲ್ಲಿಯೂ ಫೋನಿಗೆ ರೇಂಜ್ ಸಿಗದ ಮನೆಗಳು ಎಷ್ಟೋ ಇವೆ. ಅಂಥ ಮನೆಗಳ ಮಕ್ಕಳಿಗೆ ಈ ಶಿಬಿರವೇ ಆಧಾರ.

ಭವನದಲ್ಲಿ ಮೂರು ವೈಫೈ ಪೆಟ್ಟಿಗೆಗಳಿದ್ದವು. ಬೆಳಿಗ್ಗೆ ಒಂಬತ್ತು ಗಂಟೆಗೆ ಎಲ್ಲವೂ ಸರಿಯಾಗಿತ್ತು. ಹತ್ತೂವರೆ ಕಳೆದ ಮೇಲೆ ತೊಂದರೆ ಶುರುವಾಯಿತು. ಅರ್ಜಿಯ ಪುಟಗಳನ್ನೆಲ್ಲ ತುಂಬಿಸಿ ಕೊನೆಯ ಗುಂಡಿ ಒತ್ತುವ ಹೊತ್ತಿಗೆ ನೆಟ್ ಹೋಗುತ್ತಿತ್ತು. ಎರಡು ನಿಮಿಷ ಬಿಟ್ಟು ತಾನಾಗಿ ಬರುತ್ತಿತ್ತು. ಕೆಲವರ ಫೋನಿನಲ್ಲಿ ವೈಫೈ ಗುರುತು ಇರುತ್ತಿತ್ತು, ಆದರೆ ಯಾವ ಪುಟವೂ ತೆರೆಯುತ್ತಿರಲಿಲ್ಲ.

ಒಬ್ಬೊಬ್ಬರು ಒಂದೊಂದು ಕಾರಣ ಹೇಳಿದರು. ಮಳೆ ಹತ್ತಿರ ಬಂತು, ಅದಕ್ಕೆ ಎಂದರು ಒಬ್ಬರು. ಸುತ್ತ ಕಾಡು, ನೆಟ್ ಎಲ್ಲಿಂದ ಬರಬೇಕು ಎಂದರು ಇನ್ನೊಬ್ಬರು. ಹುಡುಗರು ಕದ್ದು ಸಿನಿಮಾ ನೋಡುತ್ತಿದ್ದಾರೆ ಎಂದು ಮತ್ತೊಬ್ಬರು ಗದರಿದರು. ಕಾಡಂಚಿನ ಹಾಡಿಯಿಂದ ತಾಯಿಯೊಡನೆ ಬಂದಿದ್ದ ಒಬ್ಬ ಹುಡುಗಿಗೆ, “ನಿನ್ನ ಫೋನು ಹಳೆಯದು ಮಗಳೇ, ಅದಕ್ಕೇ ಹೀಗೆ” ಎಂದು ಹೇಳಿ ಕಳುಹಿಸಿದರು. ಆಕೆ ಎರಡು ದಿನ ಬಂದು, ಎರಡು ದಿನವೂ ಅರ್ಜಿ ಹಾಕದೆ ಹಿಂದಿರುಗಿದಳು. ಒಂದು ದಿನದ ಕೂಲಿ ಬಿಟ್ಟು ಬಂದ ತಾಯಿ, ಮಗಳ ಕೈಯಲ್ಲಿದ್ದ ಫೋನನ್ನೇ ನೋಡುತ್ತ ನಿಂತಿದ್ದು ನನ್ನ ಕಣ್ಣ ಮುಂದಿದೆ.

ಈ ಹುಡುಗಿಯ ಫೋನಿನಲ್ಲಿ ನಿಜವಾಗಿ ದೋಷವಿತ್ತೇ? ಇದಕ್ಕೆ ಉತ್ತರ ಹೇಳುವ ಮೊದಲು ವೈಫೈ ಹೇಗೆ ಕೆಲಸ ಮಾಡುತ್ತದೆಂಬುದನ್ನು ತಿಳಿಯೋಣ.

ವೈಫೈ ಎಂದರೇನು?

ವೈಫೈ ಎಂಬುದು ಒಂದು ಬಗೆಯ ರೇಡಿಯೋ. ಆಕಾಶವಾಣಿಯ ಕೇಂದ್ರ ಮಾತಾಡುತ್ತದೆ, ನಮ್ಮ ರೇಡಿಯೋ ಕೇಳುತ್ತದೆ. ಅಲ್ಲಿ ಮಾತು ಒಂದೇ ಕಡೆಯಿಂದ. ವೈಫೈಯಲ್ಲಿ ಪೆಟ್ಟಿಗೆಯೂ ಮಾತಾಡುತ್ತದೆ, ಫೋನೂ ಮಾತಾಡುತ್ತದೆ. ಇದಕ್ಕೆ ಬೇಕಾದ ನಿಯಮಗಳನ್ನು ಐ.ಇ.ಇ.ಇ. ಎಂಬ ಇಂಜಿನಿಯರುಗಳ ಸಂಸ್ಥೆಯು 1997ರಲ್ಲಿ ಮೊದಲು ಪ್ರಕಟಿಸಿತು. ವೈಫೈ ಎಂಬ ಹೆಸರು 1999ರಲ್ಲಿ ಬಳಕೆಗೆ ಬಂತು.

ಇದಕ್ಕೆ ಮುಖ್ಯವಾಗಿ ಎರಡು ಅಲೆಪಟ್ಟಿಗಳಿವೆ: 2.4 ಗಿಗಾಹರ್ಟ್ಸ್ ಮತ್ತು 5 ಗಿಗಾಹರ್ಟ್ಸ್. ಮೊದಲನೆಯದರ ಅಲೆಯ ಉದ್ದ ಸುಮಾರು ಹನ್ನೆರಡೂವರೆ ಸೆಂಟಿಮೀಟರ್. ಎರಡನೆಯದರದು ಅದರ ಅರ್ಧಕ್ಕಿಂತ ಕಡಿಮೆ. ಉದ್ದ ಅಲೆ ಗೋಡೆಗಳನ್ನು ದಾಟಿ ಸ್ವಲ್ಪ ದೂರ ಹೋಗುತ್ತದೆ. ಗಿಡ್ಡ ಅಲೆ ಬೇಗ ಬಳಲುತ್ತದೆ. ನಮ್ಮ ದೇಶದಲ್ಲಿ 2.4 ಗಿಗಾಹರ್ಟ್ಸ್ ಪಟ್ಟಿಯನ್ನು ಯಾರೂ ಲೈಸೆನ್ಸ್ ಇಲ್ಲದೆ ಬಳಸಬಹುದೆಂದು ಸರ್ಕಾರವು 2005ರಲ್ಲಿ ಸಾರಿತು. 5 ಗಿಗಾಹರ್ಟ್ಸ್ ಪಟ್ಟಿಯ ಹೆಚ್ಚಿನ ಭಾಗವನ್ನು 2018ರಲ್ಲಿ ಹೀಗೆಯೇ ಬಿಟ್ಟುಕೊಟ್ಟಿತು. ಲೈಸೆನ್ಸ್ ಬೇಡವೆಂದರೆ ಎಲ್ಲರೂ ಬಳಸಬಹುದೆಂದು ಅರ್ಥ. ಎಲ್ಲರೂ ಬಳಸಬಹುದಾದದ್ದರಲ್ಲಿ ನೂಕುನುಗ್ಗಲು ಆಗುವುದು ಸಹಜ. ಅಡಿಗೆಮನೆಯ ಮೈಕ್ರೋವೇವ್ ಒಲೆ ಕೂಡ ಕೆಲಸ ಮಾಡುವುದು ಇದೇ 2.4ರ ಪಟ್ಟಿಯಲ್ಲಿ. ಆದುದರಿಂದ ಒಲೆ ಹಚ್ಚಿದಾಗ ಅದರ ಪಕ್ಕದ ಫೋನಿನಲ್ಲಿ ವೈಫೈ ತಡವರಿಸುವುದುಂಟು.

ಒಂದೇ ದೋಣಿಯ ಕಡವು

ಪೆರಿಕ್ಕಲ್ಲೂರಿನ ಕಡವನ್ನು ನಿಮ್ಮಲ್ಲಿ ಹಲವರು ನೋಡಿದ್ದೀರಿ. ಈಚೆ ದಡ ವಯನಾಡು. ಕಬಿನಿ ಹೊಳೆ ದಾಟಿದರೆ ಎಚ್.ಡಿ. ಕೋಟೆ ತಾಲೂಕಿನ ಬೈರಕುಪ್ಪೆ. ಅಂಥ ಕಡವಿನಲ್ಲಿ ಒಂದೇ ದೋಣಿ ಇದೆಯೆಂದು ಭಾವಿಸಿರಿ. ಆಚೆಯವರು ಈಚೆಗೆ ಬರುವಾಗ ಈಚೆಯವರು ಕಾಯಬೇಕು. ಹತ್ತು ಜನ ಇದ್ದರೆ ಕಾಯುವುದು ಗೊತ್ತೇ ಆಗುವುದಿಲ್ಲ. ಇನ್ನೂರು ಜನ ಬಂದರೆ ದಡವೆಲ್ಲ ಗದ್ದಲ.

ವೈಫೈಯ ಒಂದು ಚಾನೆಲ್ ಎಂದರೆ ಇಂಥ ಒಂದು ದೋಣಿ. ಒಂದು ಹೊತ್ತಿನಲ್ಲಿ ಒಬ್ಬರು ಮಾತ್ರ ಮಾತಾಡಬಹುದು. ಇಬ್ಬರು ಒಮ್ಮೆಗೇ ಮಾತಾಡಿದರೆ ಎರಡು ಮಾತೂ ಕಲಸಿಹೋಗಿ ಯಾವುದೂ ತಲಪುವುದಿಲ್ಲ. ಈ ತೊಂದರೆಯನ್ನು ಮೊದಲು ಎದುರಿಸಿದವರಲ್ಲಿ ಹವಾಯಿ ವಿಶ್ವವಿದ್ಯಾಲಯದ ನಾರ್ಮನ್ ಅಬ್ರಾಮ್‌ಸನ್ ಅವರು ಪ್ರಮುಖರು. ಸಮುದ್ರದ ನಡುವಿನ ದ್ವೀಪಗಳಲ್ಲಿದ್ದ ಕಂಪ್ಯೂಟರುಗಳನ್ನು ಅವರು 1971ರಲ್ಲಿ ರೇಡಿಯೋ ಮೂಲಕ ಜೋಡಿಸಿದರು. ಎಲ್ಲರೂ ತಮಗೆ ಬೇಕೆಂದಾಗ ಮಾತಾಡಿದರೆ ಆ ದಾರಿಯ ಶಕ್ತಿಯಲ್ಲಿ ಹೆಚ್ಚೆಂದರೆ ನೂರಕ್ಕೆ 18 ಪಾಲು ಮಾತ್ರ ಉಪಯೋಗಕ್ಕೆ ಬರುತ್ತದೆಂದು ಲೆಕ್ಕದಿಂದ ತಿಳಿಯಿತು. ಉಳಿದುದೆಲ್ಲ ಡಿಕ್ಕಿಗಳಲ್ಲಿಯೂ ಖಾಲಿ ಹೊತ್ತಿನಲ್ಲಿಯೂ ವ್ಯರ್ಥವಾಗುತ್ತದೆ.

ಆದುದರಿಂದ ವೈಫೈಯಲ್ಲಿ ಒಂದು ಶಿಸ್ತನ್ನು ಇಟ್ಟಿದ್ದಾರೆ. ಮಾತಾಡುವ ಮೊದಲು ಕೇಳಬೇಕು. ಗಾಳಿ ನಿಶ್ಶಬ್ದವಾಗಿದ್ದರೆ ಫೋನು 0ಯಿಂದ 15ರ ಒಳಗಿನ ಒಂದು ಸಂಖ್ಯೆಯನ್ನು ಚೀಟಿ ಎತ್ತಿದಂತೆ ಆರಿಸಿಕೊಂಡು, ಅಷ್ಟು ಗಳಿಗೆ ಕಾಯುತ್ತದೆ. ಈ ಗಳಿಗೆ ಎಂದರೆ ಒಂದು ಸೆಕೆಂಡಿನ ಹತ್ತು ಲಕ್ಷದಲ್ಲಿ ಒಂಬತ್ತು ಪಾಲು. ಆದರೂ ಡಿಕ್ಕಿಯಾದರೆ ಮುಂದಿನ ಸಲ 31ರ ಒಳಗೆ, ಅನಂತರ 63ರ ಒಳಗೆ, ಹೀಗೆ 1023ರವರೆಗೆ ಕಾಯುವ ಮಿತಿ ಬೆಳೆಯುತ್ತದೆ. ಜನ ಹೆಚ್ಚಿದಂತೆ ಡಿಕ್ಕಿ ಹೆಚ್ಚುತ್ತದೆ. ಡಿಕ್ಕಿ ಹೆಚ್ಚಿದಂತೆ ಕಾಯುವುದು ಹೆಚ್ಚುತ್ತದೆ. ಬೆಳಿಗ್ಗೆ ಸರಿಯಾಗಿದ್ದ ವೈಫೈ ಹತ್ತೂವರೆಗೆ ಎಡವುವುದರ ಗುಟ್ಟು ಇದರಲ್ಲಿದೆ.

ಇನ್ನೊಂದು ಸಂಗತಿ. ಪೆಟ್ಟಿಗೆಯಿಂದ ದೂರ ಇರುವ ಫೋನು ನಿಧಾನವಾಗಿ, ಒಂದೊಂದೇ ಅಕ್ಷರ ಬಿಡಿಸಿ ಹೇಳಿದಂತೆ ಮಾತಾಡಬೇಕಾಗುತ್ತದೆ. ಅಷ್ಟು ಹೊತ್ತೂ ದೋಣಿ ಅದರದೇ. ಹತ್ತಿರದಲ್ಲಿರುವ ವೇಗದ ಫೋನುಗಳೂ ಅದಕ್ಕಾಗಿ ಕಾಯಲೇಬೇಕು.

ಇದು ಬಡ ಊರುಗಳ ತೊಂದರೆ ಮಾತ್ರವೆಂದು ತಿಳಿಯಬೇಡಿ. 2010ರ ಜೂನ್ 7ರಂದು ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೋ ನಗರದಲ್ಲಿ ಆಪಲ್ ಕಂಪನಿಯ ಸ್ಟೀವ್ ಜಾಬ್ಸ್ ಅವರು ಐಫೋನ್ 4 ಎಂಬ ಹೊಸ ಫೋನನ್ನು ಸಭೆಗೆ ತೋರಿಸುತ್ತಿದ್ದರು. ವೇದಿಕೆಯ ಮೇಲೆಯೇ ಅದರ ನೆಟ್ ಕೈಕೊಟ್ಟಿತು. ಸಭಿಕರು ತಂತಮ್ಮ ವೈಫೈ ಪೆಟ್ಟಿಗೆಗಳನ್ನು ಹೊತ್ತು ತಂದಿದ್ದರು. ಅಂಥವು ಆ ಒಂದೇ ಸಭಾಂಗಣದಲ್ಲಿ 570 ಇದ್ದವಂತೆ. ಅವನ್ನು ಆರಿಸಿರೆಂದು ಅವರು ಸಭಿಕರನ್ನು ಕೇಳಿಕೊಳ್ಳಬೇಕಾಯಿತು. ಲೋಕಪ್ರಸಿದ್ಧ ಕಂಪನಿಗೂ ಕಡವಿನ ನಿಯಮ ಒಂದೇ.

ಮೊದಲ ತಪ್ಪು

ಈಗ ನಮ್ಮ ಸಭಾಭವನಕ್ಕೆ ಹಿಂದಿರುಗೋಣ. ಮೊದಲ ದಿನ ಸಂಜೆ, ಮೂರು ಪೆಟ್ಟಿಗೆ ಸಾಲದೆಂದು ನಾಲ್ಕನೆಯದನ್ನು ತಂದು ಹಚ್ಚಿದರು. ಹಚ್ಚಿರೆಂದು ಹೇಳಿದವರಲ್ಲಿ ನಾನೂ ಒಬ್ಬ. ಎರಡನೆಯ ದಿನ ತೊಂದರೆ ಇಮ್ಮಡಿಯಾಯಿತು! ಕಾರಣ ತಿಳಿಯದೆ ಮಾಡಿದ ಚಿಕಿತ್ಸೆಯಿಂದ ರೋಗ ಹೆಚ್ಚಾದಂತಾಯಿತು. ಆಗ ನನಗೆ ನಾಚಿಕೆಯಾಗಿ, ಒಂಬತ್ತನೆಯ ತರಗತಿಯ ಇಬ್ಬರು ಮಕ್ಕಳನ್ನು ಕೂರಿಸಿಕೊಂಡು ಒಂದು ನೋಟ್‌ಬುಕ್ ತೆರೆದೆ.

ನೋಟ್‌ಬುಕ್ ಹೇಳಿದ್ದು

ಪುಟಕ್ಕೆ ಐದು ಗೆರೆ ಎಳೆದೆವು. ಎಷ್ಟು ಗಂಟೆಗೆ, ಭವನದ ಯಾವ ಮೂಲೆಯಲ್ಲಿ, ಯಾರ ಫೋನಿನಲ್ಲಿ, ವೈಫೈ ಗುರುತು ಇತ್ತೇ ಇಲ್ಲವೇ, ಅದೇ ಕ್ಷಣದಲ್ಲಿ ತಂತಿಯಿಂದ ಜೋಡಿಸಿದ ಕಂಪ್ಯೂಟರಿನಲ್ಲಿ ನೆಟ್ ಇತ್ತೇ ಇಲ್ಲವೇ. ಈ ಕೊನೆಯದು ಬಹಳ ಮುಖ್ಯ. ತಂತಿಯ ಕಂಪ್ಯೂಟರ್ ನಮ್ಮ ಸಾಕ್ಷಿ. ಅದರಲ್ಲೂ ನೆಟ್ ಹೋಗಿದ್ದರೆ ದೋಷ ಹೊರಗಿನಿಂದ ಬರುವ ಲೈನಿನಲ್ಲಿ. ಅದರಲ್ಲಿ ನೆಟ್ ಇದ್ದು ಫೋನಿನಲ್ಲಿ ಇಲ್ಲದಿದ್ದರೆ ದೋಷ ಭವನದ ಒಳಗೆ.

ಮಧ್ಯಾಹ್ನದ ಹೊತ್ತಿಗೆ ಪುಟ ತುಂಬಿತು. ತಂತಿಯ ಕಂಪ್ಯೂಟರಿನಲ್ಲಿ ಒಂದು ಸಲವೂ ನೆಟ್ ಹೋಗಿರಲಿಲ್ಲ. ಅಲ್ಲಿಗೆ ಮಳೆ, ಕಾಡು, ಕಂಪನಿ, ಈ ಮೂವರೂ ನಿರಪರಾಧಿಗಳೆಂದಾಯಿತು. ಒಳಗಿನ ದೋಷಗಳನ್ನು ನೋಡಿದಾಗ ಅವು ಒಂದಲ್ಲ, ಮೂರು ಎಂದು ಕಂಡುಬಂತು.

1. ಒಂದೇ ಚಾನೆಲ್. ಭವನದ ನಡುವೆ ಕುಳಿತವರಿಗೆ ಗುರುತು ಇದ್ದೂ ನೆಟ್ ತಡವರಿಸುತ್ತಿತ್ತು. ಜನ ಊಟಕ್ಕೆ ಎದ್ದಾಗ ಸರಿಹೋಗುತ್ತಿತ್ತು. ಪೆಟ್ಟಿಗೆಗಳು ಯಾವ ಚಾನೆಲಿನಲ್ಲಿವೆ ಎಂದು ತೋರಿಸುವ ಒಂದು ಉಚಿತ ಆ್ಯಪ್‌ನಿಂದ ನೋಡಿದೆವು. ನಾಲ್ಕು ಪೆಟ್ಟಿಗೆಗಳೂ 6ನೆಯ ಚಾನೆಲಿನಲ್ಲಿದ್ದವು! 2.4ರ ಪಟ್ಟಿಯಲ್ಲಿ ನಮ್ಮ ದೇಶದಲ್ಲಿ 13 ಚಾನೆಲುಗಳಿವೆ. ಆದರೆ ಅವು ಒಂದರ ಮೇಲೊಂದು ಹಾಸಿದ ಹೆಂಚುಗಳಂತೆ ಇವೆ. ಒಂದಕ್ಕೊಂದು ತಾಗದಂತೆ ಸಾಮಾನ್ಯವಾಗಿ ಆರಿಸಿಕೊಳ್ಳುವುದು ಮೂರನ್ನು: 1, 6 ಮತ್ತು 11. ನಾಲ್ಕು ಪೆಟ್ಟಿಗೆ ಇಟ್ಟರೂ ನಾವು ನಾಲ್ಕು ದೋಣಿ ಬಿಟ್ಟಿರಲಿಲ್ಲ; ಒಂದೇ ದೋಣಿಗೆ ನಾಲ್ವರು ಅಂಬಿಗರನ್ನು ನಿಲ್ಲಿಸಿದ್ದೆವು. ಅದೂ ಸಾಲದೆಂದು ಪ್ರತಿ ಪೆಟ್ಟಿಗೆಯೂ ಅಧ್ಯಾಪಕರಿಗೆ ಒಂದು, ಅತಿಥಿಗಳಿಗೆ ಒಂದು, ಕಚೇರಿಗೆ ಒಂದು, ಮಕ್ಕಳಿಗೆ ಒಂದು ಎಂದು ನಾಲ್ಕು ಹೆಸರುಗಳನ್ನು ಕೂಗುತ್ತಿತ್ತು. ಪೆಟ್ಟಿಗೆ ತನ್ನ ಒಂದೊಂದು ಹೆಸರನ್ನೂ ಸೆಕೆಂಡಿಗೆ ಸುಮಾರು ಹತ್ತು ಸಲ ಕೂಗುತ್ತದೆ. ಯಾರೂ ಏನೂ ಕೇಳದಿದ್ದರೂ ಗಾಳಿಯಲ್ಲಿ ಸೆಕೆಂಡಿಗೆ ನೂರರುವತ್ತು ಕೂಗು.

2. ಹಿಡಿದದ್ದನ್ನು ಬಿಡದ ಫೋನು. ಬಾಗಿಲಿನಿಂದ ಒಳಬಂದು ಹಿಂದಿನ ಸಾಲಿಗೆ ಹೋದವರಿಗೆ ಮಾತ್ರ ಗುರುತು ಬಂದು ಹೋಗುತ್ತಿತ್ತು. ಯಾವ ಪೆಟ್ಟಿಗೆಗೆ ಸೇರಬೇಕೆಂದು ತೀರ್ಮಾನಿಸುವುದು ಬಹುಮಟ್ಟಿಗೆ ಫೋನೇ. ಬಾಗಿಲ ಬಳಿಯ ಪೆಟ್ಟಿಗೆಯನ್ನು ಹಿಡಿದ ಫೋನು, ಹಿಂದಿನ ಸಾಲಿನಲ್ಲಿ ಬೇರೆ ಪೆಟ್ಟಿಗೆ ತಲೆಯ ಮೇಲೆಯೇ ಇದ್ದರೂ, ಹಳೆಯದನ್ನೇ ಹಿಡಿದು ಜೋತಾಡುತ್ತಿತ್ತು. ಪೆಟ್ಟಿಗೆಗಳು ಪೂರ್ತಿ ಬಲದಿಂದ ಕೂಗುತ್ತಿದ್ದುದೇ ಇದಕ್ಕೆ ಕಾರಣ. ದೂರಕ್ಕೆ ಕೇಳಿಸುವಷ್ಟು ಕಾಲ ಫೋನು ಬಿಡುವುದಿಲ್ಲ. ಆದರೆ ಪುಟ್ಟ ಫೋನಿನ ದನಿ ಅಷ್ಟು ದೂರದ ಪೆಟ್ಟಿಗೆಗೆ ಕೇಳಿಸುವುದಿಲ್ಲ. ಕೂಗುವವನ ದನಿ ನಮಗೆ ಕೇಳಿಸಿ, ನಮ್ಮ ಉತ್ತರ ಅವನಿಗೆ ಕೇಳಿಸದಿದ್ದರೆ ಮಾತುಕತೆ ನಡೆಯುವುದಾದರೂ ಹೇಗೆ?

3. ಮುಗಿದುಹೋದ ವಿಳಾಸ. ಇದೇ ಎಲ್ಲಕ್ಕಿಂತ ಮುಖ್ಯವಾದುದು. ನೆಟ್ಟಿಗೆ ಸೇರುವ ಪ್ರತಿ ಫೋನಿಗೂ ರೌಟರ್ ಒಂದು ವಿಳಾಸ ಕೊಡುತ್ತದೆ. ಇದು ಬಾಡಿಗೆಗೆ ಕೊಡುವ ಮನೆಯಂತೆ. ಇಷ್ಟು ಹೊತ್ತು ಎಂದು ಅವಧಿ ಇರುತ್ತದೆ. ಆ ರೌಟರಿನ ಪಟ್ಟಿಯಲ್ಲಿ ಇದ್ದುದು ನೂರೇ ವಿಳಾಸ. ಅವಧಿ ಇಡೀ ಒಂದು ದಿನ. ಬೆಳಿಗ್ಗೆ ಬಂದವರು ಅರ್ಜಿ ಹಾಕಿ ಮನೆಗೆ ಹೋದರೂ ಅವರ ವಿಳಾಸ ಮರುದಿನದವರೆಗೆ ಅವರ ಹೆಸರಿನಲ್ಲಿಯೇ ಉಳಿಯುತ್ತಿತ್ತು. ಪಟ್ಟಿ ಮುಗಿದ ಮೇಲೆ ಬಂದವರಿಗೆ ವಿಳಾಸವಿಲ್ಲ. ಅವರ ಫೋನು ಪೆಟ್ಟಿಗೆಯ ದನಿಯನ್ನು ಚೆನ್ನಾಗಿಯೇ ಕೇಳುತ್ತಿತ್ತು, ಆದರೆ ನೆಟ್ ಇಲ್ಲ.

ನೋಟ್‌ಬುಕ್ಕಿನಲ್ಲಿ ಈ ಮೂರನೆಯ ಬಗೆಯ ದೂರು ಕೊಟ್ಟವರ ಹೆಸರುಗಳ ಮುಂದೆ ಅವರು ಬಂದ ಹೊತ್ತನ್ನು ಬರೆದು ನೋಡಿದೆವು. ಅವರೆಲ್ಲರೂ ಹನ್ನೊಂದು ಗಂಟೆಯ ಆಚೆಗೆ ಬಂದವರು. ಅಷ್ಟು ತಡವಾಗಿ ಬರುವವರು ಯಾರು? ಪೇಟೆಯಲ್ಲಿ ಮನೆಯಿರುವವರಲ್ಲ. ಕಾಡಂಚಿನಿಂದ ನಡೆದು ಬಂದು, ರಸ್ತೆಯಲ್ಲಿ ಬಸ್ಸಿಗೆ ಕಾದು, ಕೊನೆಗೆ ತಲಪುವವರು. ಮನೆಯಲ್ಲಿ ರೇಂಜ್ ಇಲ್ಲದ ಕಾರಣ ಶಿಬಿರದ ಅಗತ್ಯ ಎಲ್ಲರಿಗಿಂತ ಹೆಚ್ಚಾಗಿದ್ದವರು. ಅಂಥವರಿಗೇ ಬಾಗಿಲು ಮುಚ್ಚುತ್ತಿತ್ತು. ಮೇಲಾಗಿ, ನಿಮ್ಮ ಫೋನು ಹಳೆಯದು ಎಂಬ ಮಾತು ಬೇರೆ. ಕೋತಿ ತಾನು ಮೊಸರು ತಿಂದು ಮೇಕೆಯ ಬಾಯಿಗೆ ಒರೆಸಿತೆಂಬ ಗಾದೆಯನ್ನು ನೀವು ಕೇಳಿದ್ದೀರಷ್ಟೆ!

ಸರಿಪಡಿಸಿದ ಕ್ರಮ

ಮೂರನೆಯ ದಿನ ಬೆಳಿಗ್ಗೆ ಕೆಲಸ ಶುರು ಮಾಡಿದೆವು. ಎಲ್ಲವನ್ನೂ ಒಟ್ಟಿಗೆ ಬದಲಾಯಿಸಲಿಲ್ಲ. ಹಾಗೆ ಮಾಡಿದರೆ ಯಾವುದರಿಂದ ಗುಣವಾಯಿತೆಂದು ತಿಳಿಯದು. ಒಂದು ಬದಲಾವಣೆ, ಅರ್ಧ ಗಂಟೆ ಗಮನಿಸುವುದು, ಬರೆಯುವುದು, ಅನಂತರ ಮುಂದಿನದು. ಮೊದಲು ವಿಳಾಸಗಳ ಪಟ್ಟಿಯನ್ನು ಇನ್ನೂರ ಐವತ್ತಕ್ಕೆ ಬೆಳೆಸಿ, ಅವಧಿಯನ್ನು ಒಂದು ಗಂಟೆಗೆ ಇಳಿಸಿದೆವು. ಎರಡನೆಯದಾಗಿ ನಾಲ್ಕನೆಯ ಪೆಟ್ಟಿಗೆಯನ್ನು ತೆಗೆದು, ಉಳಿದ ಮೂರನ್ನು 1, 6, 11ರಲ್ಲಿ ಇಟ್ಟೆವು. ಮೂರನೆಯದಾಗಿ ಹೆಸರುಗಳನ್ನು ನಾಲ್ಕರಿಂದ ಒಂದಕ್ಕೆ ತಂದೆವು. ನಾಲ್ಕನೆಯದಾಗಿ ಪೆಟ್ಟಿಗೆಗಳ ಬಲವನ್ನು ತಗ್ಗಿಸಿ, ಹೊಸ ಫೋನುಗಳು 5 ಗಿಗಾಹರ್ಟ್ಸಿಗೆ ಹೋಗುವಂತೆ ಮಾಡಿದೆವು. ಅದರಲ್ಲಿ ಚಾನೆಲುಗಳು ಹೆಚ್ಚು. ದೂರ ಹೋಗದಿರುವ ಅದರ ಗುಣವೇ ತುಂಬಿದ ಭವನದಲ್ಲಿ ವರವಾಗುತ್ತದೆ. ಕೊನೆಗೆ, ಕಬ್ಬಿಣದ ಬೀರುವಿನ ಹಿಂದೆ ಅಡಗಿದ್ದ ಒಂದು ಪೆಟ್ಟಿಗೆಯನ್ನು ಗೋಡೆಯ ಮೇಲಕ್ಕೆ ಏರಿಸಿದೆವು.

ಒಂದು ಪೈಸೆ ಖರ್ಚಾಗಲಿಲ್ಲ. ಒಂದು ಪೆಟ್ಟಿಗೆ ಕಡಿಮೆಯೇ ಆಯಿತು. ನಾಲ್ಕನೆಯ ದಿನ ಬರೆಯಬೇಕಾದ ದೂರು ಒಂದೇ ಉಳಿಯಿತು. ಅದು ನಿಜವಾಗಿಯೂ ಕೆಟ್ಟಿದ್ದ ಒಂದು ಫೋನಿನದು. ಆ ಫೋನು ಹಾಡಿಯ ಹುಡುಗಿಯದಲ್ಲ, ಅದರ ಒಡೆಯರು ಪೇಟೆಯವರು. ಆ ಹುಡುಗಿ ಮೂರನೆಯ ದಿನ ಹನ್ನೊಂದೂವರೆಗೆ ಬಂದಳು. ಅದೇ ಹಳೆಯ ಫೋನಿನಲ್ಲಿ ಹನ್ನೆರಡಕ್ಕೆ ಮೊದಲೇ ಅರ್ಜಿ ಹೋಯಿತು.

ನೆನಪಿಡಬೇಕಾದ ಹೆಜ್ಜೆಗಳು

1. ಮೊದಲು ಬರೆಯಿರಿ, ಆಮೇಲೆ ಬದಲಾಯಿಸಿರಿ. ಯಾವಾಗ, ಎಲ್ಲಿ, ಯಾರಿಗೆ ಎಂಬ ಮೂರು ಪ್ರಶ್ನೆಗಳಿಗೆ ಉತ್ತರ ಪುಸ್ತಕದಲ್ಲಿರಬೇಕು.

2. ತಂತಿಯಿಂದ ಜೋಡಿಸಿದ ಒಂದು ಕಂಪ್ಯೂಟರನ್ನು ಸಾಕ್ಷಿಯಾಗಿ ಇಟ್ಟುಕೊಳ್ಳಿರಿ. ಹೊರಗಿನ ದೋಷ, ಒಳಗಿನ ದೋಷ ಎರಡನ್ನೂ ಅದು ಬೇರ್ಪಡಿಸುತ್ತದೆ.

3. ಗುರುತೇ ಹೋಗುತ್ತದೆಯೋ, ಗುರುತು ಇದ್ದು ನೆಟ್ ಇಲ್ಲವೋ ನೋಡಿರಿ. ಗುರುತು ಹೋದರೆ ಅಲೆಯ ತೊಂದರೆ. ಗುರುತಿದ್ದೂ ನೆಟ್ ಇಲ್ಲದಿದ್ದರೆ ಒಂದೋ ನೂಕುನುಗ್ಗಲು, ಇಲ್ಲವೇ ವಿಳಾಸದ ಕೊರತೆ. ಲ್ಯಾಪ್‌ಟಾಪಿನ ವಿಳಾಸ 169.254 ಎಂದು ಶುರುವಾದರೆ ಅದಕ್ಕೆ ರೌಟರಿನಿಂದ ವಿಳಾಸ ಸಿಕ್ಕಿಲ್ಲವೆಂದೇ ಅರ್ಥ.

4. ಸಿಗ್ನಲಿನ ಬಲವನ್ನು ಡಿ.ಬಿ.ಎಂ. ಎಂಬ ಅಳತೆಯಲ್ಲಿ ಹೇಳುತ್ತಾರೆ. ಅದು ಋಣಸಂಖ್ಯೆ. −50 ಇದ್ದರೆ ಉತ್ತಮ, −67ರವರೆಗೆ ಸಾಕು, −80 ಆದರೆ ನೆಚ್ಚುವಂತಿಲ್ಲ.

5. ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿರಿ. ಕಾರಣ ತಿಳಿಯುವವರೆಗೆ ಹೊಸ ಸಾಮಾನು ಕೊಳ್ಳಬೇಡಿರಿ.

ಪೋಷಕರಲ್ಲಿ ಒಂದು ಮಾತು

2020ರ ಜೂನ್ 1ರಂದು, ಕೊರೋನಾ ಕಾರಣ ಶಾಲೆಗಳು ಮುಚ್ಚಿದ್ದಾಗ, ಕೇರಳದಲ್ಲಿ ವಿಕ್ಟರ್ಸ್ ಚಾನೆಲಿನ ಮೂಲಕ ‘ಫಸ್ಟ್ ಬೆಲ್’ ಪಾಠಗಳು ಶುರುವಾದುದು ನಿಮಗೆ ನೆನಪಿರಬಹುದು. 2023ರ ಜೂನ್ 5ರಂದು ರಾಜ್ಯದ ಕೆ-ಫೋನ್ ಯೋಜನೆಯ ಉದ್ಘಾಟನೆಯೂ ಆಯಿತು. ಅರ್ಜಿ, ಫಲಿತಾಂಶ, ವಿದ್ಯಾರ್ಥಿವೇತನ ಎಲ್ಲವೂ ಇಂದು ನೆಟ್ಟಿನ ದಾರಿಯಲ್ಲಿಯೇ ಬರುತ್ತವೆ. ಹೀಗಿರುವಾಗ ನೆಟ್ ಹೋಯಿತೆಂದು ಮಗು ಹೇಳಿದೊಡನೆ, ನೀನೇ ಏನೋ ಒತ್ತಿ ಕೆಡಿಸಿದೆ ಎಂದು ಗದರಬೇಡಿರಿ. ಯಾವಾಗ ಹೋಯಿತು, ಎಲ್ಲಿ ಕುಳಿತಿದ್ದೆ, ಗುರುತು ಇತ್ತೇ ಎಂದು ಕೇಳಿರಿ. ಆ ಮೂರು ಪ್ರಶ್ನೆಗಳಿಂದ ಮಗುವಿಗೆ ವಿಜ್ಞಾನದ ಮೊದಲ ಪಾಠ ಮನೆಯಲ್ಲಿಯೇ ಆಗುತ್ತದೆ.

ವಿದ್ಯಾರ್ಥಿಗಳೇ, ದೋಷ ಹುಡುಕುವ ಈ ಕ್ರಮ ವೈಫೈಗೆ ಮಾತ್ರ ಮೀಸಲಲ್ಲ. ಪಂಪು ಆಗಾಗ ನೀರೆತ್ತದಿದ್ದರೂ, ಕರಿಮೆಣಸಿನ ಬಳ್ಳಿ ಒಂದೇ ಮಗ್ಗುಲಿನಲ್ಲಿ ಬಾಡಿದರೂ ಕೇಳಬೇಕಾದ ಪ್ರಶ್ನೆಗಳು ಇವೇ. ಊಹೆಯಿಂದ ಯಾರ ಮೇಲೂ ತಪ್ಪು ಹೊರಿಸದೆ, ಕಂಡದ್ದನ್ನು ಕಂಡಂತೆ ಬರೆದಿಡುವ ಅಭ್ಯಾಸವನ್ನು ಈಗಿನಿಂದಲೇ ಮಾಡಿಕೊಳ್ಳಿರಿ.

ಮಾಡಿ ನೋಡಿರಿ

1. ನಿಮ್ಮ ಮನೆಯ ಅಥವಾ ಶಾಲೆಯ ವೈಫೈ ಯಾವ ಚಾನೆಲಿನಲ್ಲಿದೆ? ಸುತ್ತಲಿನ ಪೆಟ್ಟಿಗೆಗಳು ಯಾವುವುಗಳಲ್ಲಿವೆ? ಪಟ್ಟಿ ಮಾಡಿರಿ.

2. ಪೆಟ್ಟಿಗೆಯಿಂದ ಐದು, ಹತ್ತು, ಹದಿನೈದು ಹೆಜ್ಜೆ ದೂರದಲ್ಲಿ ಸಿಗ್ನಲಿನ ಬಲವನ್ನು ಬರೆದುಕೊಳ್ಳಿರಿ. ನಡುವೆ ಒಂದು ಗೋಡೆ, ಒಂದು ಕಬ್ಬಿಣದ ಬೀರು, ನೀರು ತುಂಬಿದ ಒಂದು ಡ್ರಮ್ ಇದ್ದಾಗ ಆಗುವ ವ್ಯತ್ಯಾಸವನ್ನು ಹೋಲಿಸಿರಿ.

3. ಒಂದು ವಾರ ನೆಟ್ ಹೋದ ಹೊತ್ತುಗಳನ್ನೆಲ್ಲ ಗುರುತಿಸಿ, ಅವುಗಳಲ್ಲಿ ಏನಾದರೂ ಕ್ರಮವಿದೆಯೇ ಎಂದು ನಿಮ್ಮ ಅಧ್ಯಾಪಕರೊಡನೆ ಚರ್ಚಿಸಿರಿ.